ಪಾದೋದಕ ನೀರಲ್ಲ

ತುಮಕೂರು
12 ಜೂನ್ 2024

ಅತ್ತೆಗೆ,

ಫೋನಿನಲ್ಲಿ ಮುಗಿಯುವ ಮಾತಿಗೆ ಕಾಗದ ಯಾಕೆ ಎನ್ನಬೇಡಿ. ನಿಮಗೆ ಕಿವಿ ಮಂದ, ನನಗೆ ತಾಳ್ಮೆ ಕಡಿಮೆ. ನಿನ್ನೆ ನಾವಿಬ್ಬರೂ ಕಿರುಚಾಡಿದ್ದು ಶಿರಾ ಗೇಟಿನವರೆಗೂ ಕೇಳಿಸಿತೆಂದು ಇಲ್ಲಿ ಮನೆಯೊಡತಿ ನಗುತ್ತಿದ್ದರು. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ, ನಾನು ಫೋನ್ ಕುಕ್ಕುವಂತಿಲ್ಲ. ಇನ್ನು ಮುಂದೆ ನಮ್ಮ ಜಗಳ ಹೀಗೇ ನಡೆಯಲಿ.

ವಿಷಯ ಶಾಂತಲಾಳದು. ನಾನು ಗುಬ್ಬಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ತುಮಕೂರಿನ ಬಾಡಿಗೆ ಕೋಣೆಯಲ್ಲಿ, ನಿಮ್ಮ ಮಗ ತಾಲ್ಲೂಕು ಕಚೇರಿಯ ಸರ್ವೆ ಕೆಲಸಕ್ಕೆ ಹೊಲಹೊಲ ಸುತ್ತಿಕೊಂಡು. ನನ್ನ ಮಗಳನ್ನು ಕುಣಿಗಲ್ಲಿನಲ್ಲಿ ನೋಡಿಕೊಳ್ಳುತ್ತಿರುವವರು ನೀವೊಬ್ಬರೇ. ಆ ಋಣ ನನಗೆ ಗೊತ್ತು. ಗೊತ್ತಿದ್ದೂ ಹೇಳುತ್ತೇನೆ: ಸಂಜೆ ದೀಪ ಹಚ್ಚಿದ ಮೇಲೆ ಅವಳಿಗೆ ನೀರು ಕೊಡುವುದಿಲ್ಲ ಎಂಬ ಹಟವನ್ನು ಬಿಡಿ.

ಹಾಸಿಗೆ ಒದ್ದೆ ಮಾಡುತ್ತಾಳೆ, ನಿಜ. ಆರು ತುಂಬಿದೆ, ಎಂದೋ ನಿಂತಿದ್ದದ್ದು ಹೋದ ವರ್ಷದಿಂದ ಮತ್ತೆ ಶುರುವಾಗಿದೆ, ಅದೂ ನಿಜ. ಆದರೆ ಅವಳು ಕುಡಿಯುತ್ತಾಳೆಂದು ಮೂತ್ರ ಹೋಗುತ್ತಿಲ್ಲ. ಮೂತ್ರ ಹೋಗುತ್ತದೆಂದು ಕುಡಿಯುತ್ತಿದ್ದಾಳೆ. ಕಳೆದ ಭಾನುವಾರ ಅಲ್ಲಿಗೆ ಬಂದಿದ್ದಾಗ ಬೆಳಗ್ಗೆ ಎದ್ದ ಕೂಡಲೇ ಲೋಟದಲ್ಲಿ ಹಿಡಿದು ನೋಡಿದೆ. ರಾತ್ರಿಯೆಲ್ಲ ನೀರು ಕಾಣದೆ ಮಲಗಿದ ಮಗುವಿನದು ಗಾಢ ಹಳದಿ ಇರಬೇಕಿತ್ತು. ಕೊಳಾಯಿ ನೀರಿನ ಹಾಗೆ ತಿಳಿಯಾಗಿತ್ತು ಅತ್ತೆ! ಸಕ್ಕರೆ ಕಾಯಿಲೆ ಅಲ್ಲ, ಅದನ್ನು ಆಗಲೇ ನೋಡಿಸಿದ್ದೇವೆ. ಇದು ಬೇರೆ. ಅವಳ ದೇಹಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳಲು ಆಗುತ್ತಿಲ್ಲ. ಇಂಥ ಮಗುವಿಗೆ ನೀರು ತಡೆದರೆ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, ಎಚ್ಚರ ತಪ್ಪುತ್ತದೆ. ಅದಕ್ಕೂ ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ.

ಆಸ್ಪತ್ರೆಗೆ ತೋರಿಸೋಣ. ಅಲ್ಲಿಯತನಕ ಕೇಳಿದಾಗಲೆಲ್ಲ ಕೊಡಿ. ಹಾಸಿಗೆ ನಾನು ಬಂದು ಒಗೆಯುತ್ತೇನೆ.

ನಿಮ್ಮ ಮೊಂಡು ಸೊಸೆ,
ಪಲ್ಲವಿ


ಕುಣಿಗಲ್
18 ಜೂನ್ 2024

ಪಲ್ಲವಿ,

ನಿನ್ನ ಕಾಗದವನ್ನು ಬಸ್ ಕಂಡಕ್ಟರ್ ಯಲ್ಲಯ್ಯ ಅಂಗಡಿಗೇ ತಂದು, ಗೊಬ್ಬರಕ್ಕೆ ನಿಂತಿದ್ದ ಗಿರಾಕಿಗಳೆಲ್ಲರ ಮುಂದೆ, "ಕಲ್ಲಮ್ನೋರೇ, ಸೊಸೆ ಕಾಗ್ದ ಬಂದೈತೆ, ಜಗಳಾನಾ?" ಅಂದ. "ಹ್ಞೂಂ ಕಣಪ್ಪಾ, ಜಗಳಾನೇ. ಓದಿ ಹೇಳ್ಲಾ?" ಅಂದೆ. ಬಾಲ ಮುದುರಿಕೊಂಡು ಹೋದ.

ಮೂರು ಮಕ್ಕಳನ್ನು ಸಾಕಿದ್ದೇನೆ. ನಿನ್ನ ಮಾವ ಹೋದ ಮೇಲೆ ಗೊಬ್ಬರದ ಅಂಗಡಿಯನ್ನೂ ನಾನೇ ಸಾಕಿದ್ದೇನೆ. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಸಂಜೆ ನೀರು ನಿಲ್ಲಿಸುವುದು ನಾನು ಕಂಡುಹಿಡಿದದ್ದಲ್ಲ, ನಮ್ಮಮ್ಮ ಮಾಡಿದ್ದು, ಅವರಮ್ಮ ಮಾಡಿದ್ದು. ನಿನ್ನ ಗಂಡನಿಗೂ ಮಾಡಿದ್ದೆ, ಅವನು ಚೆನ್ನಾಗೇ ಇದ್ದಾನೆ. ಒಗೆಯುವ ಕಷ್ಟಕ್ಕೆ ಹೆದರುವವಳು ನಾನಲ್ಲ. ಸ್ಕೂಲಿನಲ್ಲಿ ಮಕ್ಕಳು "ಸೋರೋ ಕೊಳಾಯಿ" ಅಂತ ಹೆಸರಿಟ್ಟಿದ್ದಾರೆ, ಅದು ನನ್ನ ಹೊಟ್ಟೆ ಉರಿಸುತ್ತದೆ. ಕ್ಲಾಸಿನಲ್ಲಿ ಎದ್ದೆದ್ದು ಹೋಗುತ್ತಾಳೆಂದು ಟೀಚರಮ್ಮ ನೀರಿನ ಬಾಟಲಿ ಕಿತ್ತಿಟ್ಟಿದ್ದರು. ಹೋಗಿ ಜಗಳ ಮಾಡಿ ತಂದೆ.

ಆದರೆ ಒಂದು ಹೇಳುತ್ತೇನೆ. ಮೊನ್ನೆ ಸಂಜೆ ಹಿತ್ತಲಿಗೆ ಹೋದರೆ ನಿನ್ನ ಮಗಳು ಕರುವಿಗಿಟ್ಟ ಬಕೆಟ್ಟಿಗೆ ಬಾಯಿಟ್ಟು ಕುಡಿಯುತ್ತಿದ್ದಾಳೆ. "ಏನ್ಲೇ ಇದು!" ಅಂದರೆ, "ಕರ ಬ್ಯಾಡ ಅನ್ನಲಿಲ್ಲ ಕಣಜ್ಜಿ" ಅಂದಳು. ಮೊದಲು ನಗು ಬಂತು. ಆಮೇಲೆ ಒಳಗೆ ಹೋಗಿ ಅತ್ತೆ. ಅವತ್ತಿನಿಂದ ಸಂಜೆಯೂ ಕೊಡುತ್ತಿದ್ದೇನೆ. ಗೆದ್ದೆ ಅಂದುಕೊಳ್ಳಬೇಡ, ಮಗುವಿನ ಮುಖ ನೋಡಿ ಕೊಟ್ಟೆ.

ಇನ್ನೊಂದು ವಿಷಯ. ಸಕ್ಕರೆ ಕಾಯಿಲೆ ನೋಡಲು ಮಾಡಿಸಿದ್ದ ರಕ್ತದ ರಿಪೋರ್ಟನ್ನು ನಿನ್ನ ಗಂಡ ಮಲ್ಲಿ ಓದಿದ. ಅದರಲ್ಲಿ ಯೂರಿಯಾ ಅಂತ ಬರೆದಿದೆಯಂತೆ. ಅಂಗಡಿಯಲ್ಲಿ ಚೀಲಗಳ ಮೇಲೆ ಹತ್ತಿ ಕುಣಿಯುತ್ತಾಳಲ್ಲ, ಆ ಪುಡಿ ಏನಾದರೂ ಹೊಟ್ಟೆಗೆ ಹೋಯಿತೇನೇ? ಅಂಗಡಿ ಹೊಸ್ತಿಲು ತುಳಿಯಬೇಡ ಅಂತ ಅವಳಿಗೆ ಗದರಿಸಿಟ್ಟಿದ್ದೇನೆ. ಬೇಗ ಬರೆ, ನಿದ್ದೆ ಬರುತ್ತಿಲ್ಲ.

ಆಸ್ಪತ್ರೆಯ ದಿನ ಗೊತ್ತು ಮಾಡು. ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ, ಜಗಳಕ್ಕೆ ಸದಾ ಸಿದ್ಧಳಾಗಿರುವ
ಕಲ್ಲಮ್ಮ


ತುಮಕೂರು
25 ಜೂನ್ 2024

ಅತ್ತೆಗೆ,

ಕರುವಿನ ಬಕೆಟ್ಟಿನ ಮಾತು ಓದಿ ಬಸ್ಸಿನಲ್ಲೇ ಕಣ್ಣೀರು ಬಂತು. ಯಾರಾದರೂ ತೀರಿಕೊಂಡರಾ ಎಂದು ಪಕ್ಕದಲ್ಲಿದ್ದವರು ಕೇಳಿದರು.

ಮೊದಲು ನಿಮ್ಮ ನಿದ್ದೆಯ ವಿಷಯ. ನಿಮ್ಮ ಚೀಲದಿಂದ ಏನೂ ಆಗಿಲ್ಲ, ಅವಳು ಕುಣಿಯಲಿ ಬಿಡಿ. ಯೂರಿಯಾ ಎಲ್ಲರ ರಕ್ತದಲ್ಲೂ ಇರುತ್ತದೆ, ನಿಮ್ಮದರಲ್ಲೂ, ನಿಮ್ಮ ಕರುವಿನದರಲ್ಲೂ. ತಿಂದ ಬೇಳೆ, ಕಾಳು, ಹಾಲು ಒಳಗೆ ಕರಗಿ ಉಳಿಯುವ ಕಸ ಅದು. ಕಾರ್ಖಾನೆಯಲ್ಲಿ ಮಾಡಿದರೂ ಮೈಯೊಳಗೆ ಆದರೂ ವಸ್ತು ಒಂದೇ.

ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಯೂರಿಯಾ ಚೀಲ ಏನಾಗುತ್ತದೆ? ಗಾಳಿಯ ತೇವ ಹೀರಿ ಗಟ್ಟಿ ಮುದ್ದೆಯಾಗುತ್ತದೆ. ತೆಂಗಿನ ಸಸಿಯ ಬುಡಕ್ಕೆ ಹಿಡಿ ಜಾಸ್ತಿ ಬಿದ್ದರೆ? ಬೇರಿನ ನೀರನ್ನೇ ಎಳೆದು ಸಸಿಯನ್ನು ಸುಡುತ್ತದೆ. ನೀರನ್ನು ತನ್ನ ಕಡೆ ಎಳೆಯುವುದು ಅದರ ಗುಣ. ನಮ್ಮ ಮೂತ್ರಪಿಂಡ ಆ ಗುಣವನ್ನೇ ಬಳಸಿಕೊಳ್ಳುತ್ತದೆ. ತನ್ನ ಆಳದಲ್ಲಿ ಉಪ್ಪನ್ನೂ ಯೂರಿಯಾವನ್ನೂ ದಟ್ಟವಾಗಿ ಸೇರಿಸಿಟ್ಟುಕೊಂಡಿರುತ್ತದೆ. ಮೂತ್ರ ಹೊರಗೆ ಹೋಗುವ ಸಣ್ಣ ಕೊಳವೆಗಳು ಆ ಆಳದ ಮೂಲಕವೇ ಇಳಿಯಬೇಕು. ಹೊರಗಿನ ದಟ್ಟಣೆ ಕೊಳವೆಯ ಗೋಡೆಯ ಬಾಗಿಲುಗಳ ಮೂಲಕ ಒಳಗಿನ ನೀರನ್ನು ಎಳೆದು ಮತ್ತೆ ಮೈಗೆ ಸೇರಿಸುತ್ತದೆ. ಉಳಿದದ್ದು ಗಾಢವಾಗಿ ಹಳದಿಯಾಗಿ ಆಚೆ ಹೋಗುತ್ತದೆ. ಕೊಳವೆಯ ತುದಿಯಲ್ಲಿ ಯೂರಿಯಾ ಕೂಡ ತನ್ನದೇ ಬಾಗಿಲಿನಿಂದ ಹೊರಬಂದು ಆ ಆಳಕ್ಕೇ ಸೇರಿಕೊಳ್ಳುತ್ತದೆ. ಕಸವನ್ನು ಎಸೆಯುವ ಮುಂಚೆ ಅದರಿಂದಲೇ ದುಡಿಸಿಕೊಳ್ಳುವ ಅಂಗ ಅದು. ಪಾಠ ಹೇಳುವಾಗ ಪ್ರತಿ ವರ್ಷವೂ ನನಗೆ ಇಲ್ಲಿ ಖುಷಿಯಾಗುತ್ತದೆ.

ಆದರೆ ಆ ಬಾಗಿಲುಗಳು ತಾವಾಗಿ ತೆರೆಯುವುದಿಲ್ಲ. ಮಿದುಳಿನಿಂದ ಒಂದು ಹಾರ್ಮೋನು ಬಂದು ತೆರೆಸಬೇಕು. ಶಾಂತಲಾಳಲ್ಲಿ ಆ ಹಾರ್ಮೋನು ಬರುತ್ತಿಲ್ಲವೋ, ಬಂದರೂ ಮೂತ್ರಪಿಂಡ ಕೇಳುತ್ತಿಲ್ಲವೋ ಗೊತ್ತಾಗಬೇಕು. ಹಾರ್ಮೋನಿನದೇ ಕೊರತೆಯಾದರೆ ಅದಕ್ಕೆ ಒಳ್ಳೆಯ ಮಾತ್ರೆ ಇದೆ. ಗೊತ್ತಾಗುವುದು ಒಂದು ಪರೀಕ್ಷೆಯಿಂದ, ಕಠಿಣವಾದದ್ದು. ಬೆಳಗಿನಿಂದ ನೀರು ನಿಲ್ಲಿಸಿ, ಗಂಟೆಗಂಟೆಗೂ ತೂಕ, ಮೂತ್ರ, ರಕ್ತ ನೋಡುತ್ತಾರೆ. ಡಾಕ್ಟರು ಪಕ್ಕದಲ್ಲೇ ಇರುತ್ತಾರೆ, ಅಪಾಯವಾಗಲು ಬಿಡುವುದಿಲ್ಲ.

ಜುಲೈ ಮೂರಕ್ಕೆ ದಿನ ಕೊಟ್ಟಿದ್ದಾರೆ. ಅಂದು ನನಗೆ ಪರೀಕ್ಷಾ ಕೊಠಡಿಯ ಕೆಲಸ, ಬೇಡಿಕೊಂಡರೂ ಬಿಡಲಿಲ್ಲ. ಮಧ್ಯಾಹ್ನದ ತನಕ ನೀವೇ ಮಗುವಿನ ಹತ್ತಿರ ಕೂರಬೇಕು. ನೀರು, ಹಾಲು, ಮಜ್ಜಿಗೆ, ಎಳನೀರು, ಕಾಫಿ, ಹಣ್ಣು ಯಾವುದೂ ಕೂಡದು. ಅವಳು ಅಳುತ್ತಾಳೆ. ನೀವು ಕರಗಬಾರದು. ಕೊಟ್ಟ ಮಾತಿಗೆ ತಪ್ಪುವವರಲ್ಲ ನೀವು, ಅದಕ್ಕೇ ಕೇಳುತ್ತಿದ್ದೇನೆ.

ಧೈರ್ಯದ ಮೇಲೆ ಧೈರ್ಯ ತಂದುಕೊಳ್ಳುತ್ತಿರುವ
ಪಲ್ಲವಿ


ತುಮಕೂರು
8 ಜುಲೈ 2024

ಅತ್ತೆಗೆ,

ಆಸ್ಪತ್ರೆಯಿಂದ ಹೊರಟಾಗ ನಾನು ಯಾರೊಂದಿಗೂ ಮಾತಾಡಲಿಲ್ಲ. ನಿಮ್ಮ ಮೇಲೆ ಸಿಟ್ಟಿರಲಿಲ್ಲ. ನೀವು ಮಾತು ಉಳಿಸಿಕೊಂಡಿರಿ. ಸಿಟ್ಟು ನನ್ನ ಮೇಲೇ.

ಡಾಕ್ಟರು ಹೇಳಿದ್ದನ್ನು ನೀವೂ ಕೇಳಿದಿರಿ. ಅಷ್ಟು ಹೊತ್ತು ನೀರಿಲ್ಲದಿದ್ದರೂ ರಕ್ತದ ಉಪ್ಪಿನಂಶ ಏರಲಿಲ್ಲ, ತೂಕ ಇಳಿಯಲಿಲ್ಲ, ಮಗು ಗೆಲುವಾಗೇ ಇತ್ತು. ಕಾಯಿಲೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆದ್ದರಿಂದ ಇದು ಬರೀ ಅಭ್ಯಾಸ, ಸುಮ್ಮನೆ ಕುಡಿದೂ ಕುಡಿದೂ ಮೂತ್ರಪಿಂಡ ಸೋಮಾರಿಯಾಗಿದೆ, ಅಳತೆ ಮಾಡಿ ಕೊಡುತ್ತಾ ಕಡಿಮೆ ಮಾಡಿ ಅಂದರು. ನಿಮ್ಮ ಮಗ ನನ್ನ ಕಡೆ ನೋಡಿದ ನೋಟ ನನಗೆ ಮರೆಯುವುದಿಲ್ಲ. ತಾಯಿಯೇ ಮಗಳಿಗೆ ಇಲ್ಲದ ಕಾಯಿಲೆ ಹುಟ್ಟಿಸಿದಳೆಂಬಂತಿತ್ತು.

ನನಗೆ ಒಂದೇ ಒಂದು ಅರ್ಥವಾಗುತ್ತಿಲ್ಲ. ಅಷ್ಟೊಂದು ಮೂತ್ರ ಹೋಗಿದೆ, ನರ್ಸು ಹಿಡಿದಿಟ್ಟಿದ್ದಾಳೆ. ಮೈಯಿಂದ ಅಷ್ಟು ನೀರು ಆಚೆ ಹೋದರೆ ತೂಕ ಹೇಗೆ ಹಾಗೇ ನಿಂತಿತು? ತಕ್ಕಡಿ ಕೆಟ್ಟಿರಬಹುದು ಅಂದರು. ಎರಡನೇ ತಕ್ಕಡಿಯೂ ಹಾಗೇ ಹೇಳಿತು. ರಿಪೋರ್ಟಿನ ಮುಂದೆ ನನ್ನ ಮಾತು ಯಾರು ಕೇಳುತ್ತಾರೆ?

ಡಾಕ್ಟರು ಹೇಳಿದ ಅಳತೆಯಲ್ಲೇ ಕೊಡಿ. ತೀರಾ ಮಂಕಾದರೆ ತಕ್ಷಣ ಮಲ್ಲಿಕಾರ್ಜುನ್‌ಗೆ ಹೇಳಿ, ಅಳತೆ ಗಿಳತೆ ನೋಡಬೇಡಿ. ನಾನು ಸೋತಿದ್ದೇನೆ ಅಂತ ಬರೆಯಲು ಹೊರಟೆ. ಬರೆಯುವುದಿಲ್ಲ. ಹುಡುಕುತ್ತೇನೆ.

ಪಲ್ಲವಿ


ಕುಣಿಗಲ್
29 ಜುಲೈ 2024

ಪಲ್ಲವಿ,

ಈ ಅಳತೆ ಲೋಟ ನನ್ನ ಕೈಲಿ ಆಗುತ್ತಿಲ್ಲ ಕಣೇ. ನಿನ್ನ ಮಗಳು ಸೊರಗಿ ಕಡ್ಡಿಯಾಗಿದ್ದಾಳೆ. ತುಟಿ ಒಡೆದಿದೆ. ಊಟ ಬೇಡ, ಆಟ ಬೇಡ, ಕೊಳಾಯಿ ಹತ್ತಿರವೇ ಕೂತಿರುತ್ತಾಳೆ. ನಿನ್ನೆ ಪಕ್ಕದ ಮನೆ ಲಕ್ಷ್ಮೀದೇವಮ್ಮ ಬಟ್ಟೆ ಒಗೆದು ಹರವಿದ್ದರು. ಹೋಗಿ ಒದ್ದೆ ಸೀರೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳಂತೆ. ಅವರು ಬಂದು ಹೇಳಿದಾಗ ನಾನು ಭೂಮಿಗಿಳಿದು ಹೋದೆ. ಡಾಕ್ಟರು ಅಭ್ಯಾಸ ಅನ್ನುತ್ತಾರೆ. ಯಾವ ಮಗುವಿಗೆ ಸೀರೆ ಹಿಂಡಿ ಕುಡಿಯುವ ಅಭ್ಯಾಸ ಇರುತ್ತದೆ?

ಅವತ್ತು ಆಸ್ಪತ್ರೆಯಲ್ಲಿ ಎಷ್ಟು ಚೆನ್ನಾಗಿದ್ದಳು ನೋಡು. ಎಲ್ಲ ಆ ಶಿವನ ಪಾದೋದಕದ ಮಹಿಮೆ. ನಿನಗೆ ಹೇಳಿದ್ದೆನೋ ಇಲ್ಲವೋ. ನಾನು ಲಿಂಗಪೂಜೆ ಆಗದೆ ಗುಟುಕು ನೀರೂ ಮುಟ್ಟುವವಳಲ್ಲ, ನಿನಗೆ ಗೊತ್ತು. ಅಲ್ಲೇ ವಾರ್ಡಿನಲ್ಲಿ ಪೂಜೆಗೆ ಕೂತೆ. ನರ್ಸು ನರಸಿಂಹಮ್ಮ ಬಲು ಒಳ್ಳೆಯವಳು, "ಪೂಜೆ ಮಾಡ್ಕೊಳ್ಳಿ ಅಮ್ಮಾ" ಅಂತ ಪರದೆ ಎಳೆದು ಆಚೆ ಹೋದಳು. ಪೂಜೆ ಆಗಿ ಲಿಂಗಕ್ಕೆ ಎರೆದ ಪಾದೋದಕ ತೆಗೆದುಕೊಳ್ಳುವಾಗ ಮಗು ಕೈ ಚಾಚಿತು. ಪಾದೋದಕ ಇಲ್ಲ ಅನ್ನುವುದುಂಟೇ? ಕೊಟ್ಟೆ. ಬಟ್ಟಲು ಬರಿದಾಯಿತು. ಮತ್ತೆ ಕೈ ಚಾಚಿದಳು. ಮತ್ತೆ ಲಿಂಗಕ್ಕೆ ಎರೆದೆ, ಮತ್ತೆ ಕೊಟ್ಟೆ. ಆಮೇಲೂ ಅವಳು ಅತ್ತಾಗಲೆಲ್ಲ ಪರದೆ ಎಳೆದು ಪೂಜೆಗೆ ಕೂತೆ. ತಂಬಿಗೆ ಮುಗಿಯಿತು, ಆಮೇಲೆ ಮತ್ತೊಂದು ತಂಬಿಗೆ ತುಂಬಿಕೊಂಡು ಬಂದೆ. ನೀರು ಕೊಡಬೇಡಿ ಅಂತ ನೀನು ಬರೆದಿದ್ದೆ, ನಾನು ಹನಿ ನೀರು ಕೊಡಲಿಲ್ಲ, ನನ್ನ ಮಾತು ಮಾತೇ. ಪಾದೋದಕ ಕುಡಿದೇ ಮಗು ಅಷ್ಟು ಗೆಲುವಾಗಿದ್ದದ್ದು.

ಈಗಲೂ ದಿನಕ್ಕೆ ನಾಲ್ಕು ಸಲ ಪೂಜೆ ಮಾಡಿ ಕೊಡಲೇನೇ? ಡಾಕ್ಟರ ಅಳತೆಗೆ ಅಡ್ಡ ಬರುವುದಿಲ್ಲವಲ್ಲ.

ಉತ್ತರಕ್ಕೆ ಕಾಯುತ್ತಾ,
ಕಲ್ಲಮ್ಮ


ತುಮಕೂರು
30 ಜುಲೈ 2024

ಅತ್ತೇ!

ನಿಮ್ಮ ಕಾಗದ ಓದಿದ ನಿಮಿಷವೇ ಮಲ್ಲಿಕಾರ್ಜುನ್‌ಗೆ ಫೋನ್ ಮಾಡಿದೆ. ಈ ಕಾಗದ ತಲುಪುವ ಹೊತ್ತಿಗೆ ಶಾಂತಲಾ ಹೊಟ್ಟೆತುಂಬ ಕುಡಿದಿರುತ್ತಾಳೆ. ಅಳತೆ ಲೋಟವನ್ನು ಕರುವಿಗೆ ಕೊಡಿ.

ತಕ್ಕಡಿ ಕೆಟ್ಟಿರಲಿಲ್ಲ ಅತ್ತೆ. ಮೇಲಿನಿಂದ ನೀವು ತುಂಬಿಸುತ್ತಿದ್ದಿರಿ, ಕೆಳಗಿನಿಂದ ಅವಳು ಹೊಯ್ಯುತ್ತಿದ್ದಳು, ತೂಕ ಎಲ್ಲಿ ಇಳಿಯಬೇಕು? ಉಪ್ಪಿನಂಶ ಎಲ್ಲಿ ಏರಬೇಕು? ನೀರು ನಿಲ್ಲಿಸಿದ ಮಗು ಅಂದುಕೊಂಡು ಡಾಕ್ಟರು ನೋಡಿದ್ದು ಎರಡು ತಂಬಿಗೆ ಕುಡಿದ ಮಗುವನ್ನು! ಆ ರಿಪೋರ್ಟಿನ ಮೇಲೆ ಹತ್ತಿರ ಹತ್ತಿರ ನಾಲ್ಕು ವಾರ ಅವಳ ಗಂಟಲು ಒಣಗಿಸಿದೆವು. ಓದಿ ಮೊದಲು ಕೂಗಿದೆ, ಆಮೇಲೆ ನಕ್ಕೆ, ನಗುತ್ತಾ ನಗುತ್ತಾ ಕೂತು ಅತ್ತುಬಿಟ್ಟೆ. ಹಾಲು, ಮಜ್ಜಿಗೆ, ಎಳನೀರು ಅಂತ ಎಲ್ಲ ಬರೆದ ನನಗೆ ಇದೊಂದು ಹೊಳೆಯಲಿಲ್ಲ. ಹದಿನೈದು ವರ್ಷದಿಂದ ನಿಮ್ಮ ಮನೆಯ ಸೊಸೆ, ಹೊಳೆಯಬೇಕಿತ್ತು.

ಪಾದೋದಕವೂ ನೀರೇ ಅತ್ತೆ. ನಿಮಗೆ ನೋವಾಗುತ್ತದೆ, ಆದರೂ ಬರೆಯುತ್ತೇನೆ.

ಡಾಕ್ಟರನ್ನು ಕಂಡು ಎಲ್ಲ ಹೇಳಿದೆ. ಅವರು ತಲೆ ಹಿಡಿದುಕೊಂಡರು, ಆಮೇಲೆ ನಿಮ್ಮನ್ನು ನೋಡಬೇಕು ಅಂದರು. ಮತ್ತೆ ಪರೀಕ್ಷೆ ಆಗಲೇಬೇಕು. ಮಗು ಮೊದಲು ಚೇತರಿಸಿಕೊಳ್ಳಲಿ ಅಂತ ಆಗಸ್ಟ್ ಹನ್ನೆರಡಕ್ಕೆ ಇಟ್ಟಿದ್ದಾರೆ.

ಮತ್ತೆ ನೀವೇ ಕೂರಬೇಕು. ಬೈಯುತ್ತಿಲ್ಲ, ಬೇಡುತ್ತಿದ್ದೇನೆ. ರಜೆ ಹಾಕಿ ಬರುತ್ತೇನೆ, ಆದರೆ ಒಳಗೆ ಬರುವುದಿಲ್ಲ. ಊರಿಗೆ ಬಂದ ಮೂರು ಭಾನುವಾರವೂ ನಾನು ನಿಮ್ಮ ಕಣ್ಣು ತಪ್ಪಿಸಿ ಅವಳಿಗೆ ಬಚ್ಚಲಲ್ಲಿ ನೀರು ಕುಡಿಸಿದ್ದೇನೆ. ನಾನು ಕೂತರೆ ಕೊಟ್ಟುಬಿಡುತ್ತೇನೆ. ಕೊಡುವುದಿಲ್ಲ ಅಂದರೆ ಕೊಡದೆ ಇರುವ ಗಟ್ಟಿತನ ಆ ಮನೆಯಲ್ಲಿ ಒಬ್ಬರಿಗೇ ಇರುವುದು.

ನಿಮ್ಮನ್ನೇ ನಂಬಿರುವ
ಪಲ್ಲವಿ


ಕುಣಿಗಲ್
5 ಆಗಸ್ಟ್ 2024, ಶ್ರಾವಣದ ಮೊದಲ ಸೋಮವಾರ

ಪಲ್ಲವಿ,

ಪಾದೋದಕ ನೀರು ಅಂತ ಬರೆಯಲು ನಿನಗೆ ಕೈ ಹೇಗೆ ಬಂತು? ನಾಲ್ಕು ದಿನ ನಿನ್ನ ಹೆಸರು ಎತ್ತಲಿಲ್ಲ. ಮಲ್ಲಿ ನಡುವೆ ಬಂದು, "ಹೋಗ್ಲಿ ಬುಡವ್ವ" ಅಂದ. "ನೀನು ಸುಮ್ನಿರ್ಲಾ, ಹೆಂಡ್ತಿ ಮೇಲೆ ಅನುಮಾನ ಪಟ್ಟೋನು" ಅಂತ ಅವನಿಗೂ ಬಿತ್ತು. ಆ ಬೈಗುಳ ನಿನ್ನ ಲೆಕ್ಕಕ್ಕೆ ಹಾಕಿಕೋ.

ಲಿಂಗಕ್ಕೆ ಎರೆದ ಮೇಲೆ ಅದು ನೀರಲ್ಲ. ಸಾಯುವ ತನಕ ಹಾಗೇ ಅನ್ನುತ್ತೇನೆ. ಆದರೆ ಈ ನಾಲ್ಕು ದಿನ ಮಗುವನ್ನು ನೋಡಿದೆ. ನೀರು ಬಿಟ್ಟ ಮೇಲೆ ಮತ್ತೆ ಕುಣಿಯುತ್ತಿದ್ದಾಳೆ, ಬಾಯಿ ಮುಚ್ಚುವುದಿಲ್ಲ. ಅಂದರೆ ಇವಳಿಗೆ ಬೇಕಾದದ್ದು ನೀರೇ. ನನಗೆ ಅದು ಪಾದೋದಕ, ಅವಳ ಮೂತ್ರಪಿಂಡಕ್ಕೆ ಅದು ನೀರು. ಎರಡೂ ಇರಬಹುದು, ನಾನು ಜಗಳ ಬಿಟ್ಟೆ.

ಕೂರುತ್ತೇನೆ. ಹನ್ನೆರಡನೇ ತಾರೀಖು ಶ್ರಾವಣ ಸೋಮವಾರ, ನೋಡಿದ್ದೀಯಾ? ಪೂಜೆಗೆ ಕೂತರೆ ಮಗು ಕೈ ಚಾಚುತ್ತದೆ. ಚಾಚಿದ ಕೈಗೆ ಪಾದೋದಕ ಇಲ್ಲ ಅನ್ನುವುದು ನನ್ನಿಂದ ಆಗದು. ಅದಕ್ಕೇ ಅವಳು ನೀರು ಕುಡಿಯುವ ತನಕ ನಾನು ಪೂಜೆಗೆ ಕೂರುವುದಿಲ್ಲ. ಪೂಜೆ ಆಗದೆ ನಾನೂ ನೀರು ಮುಟ್ಟುವುದಿಲ್ಲ. ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳು ಅಂತ ಲಕ್ಷ್ಮೀದೇವಮ್ಮ ಅಂದರು. ಯಾಕೆ ಕೇಳಲಿ? ನನ್ನ ಲಿಂಗ ನನ್ನ ಎದೆ ಮೇಲೇ ಇದೆ, ಅದನ್ನೇ ಕೇಳಿದೆ.

ನೀನು ಕೆಳಗೆ ಕೂತಿರು. ಮೆಟ್ಟಿಲು ಹತ್ತಿದರೆ ಕಾಲು ಮುರಿಯುತ್ತೇನೆ.

ನಿನ್ನ ಅತ್ತೆ,
ಕಲ್ಲಮ್ಮ


ಕುಣಿಗಲ್
14 ಆಗಸ್ಟ್ 2024

ಪಲ್ಲವಿ,

ಮಗುವನ್ನು ನಿನ್ನ ಹತ್ತಿರ ಬಿಟ್ಟು ಬಂದಾಗಿನಿಂದ ಮನೆ ಬಿಕೋ ಅನ್ನುತ್ತಿದೆ. ಒಳಗೆ ನಡೆದದ್ದನ್ನು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಬರೆಯುತ್ತೇನೆ.

ಮೊದಮೊದಲು ಸುಮ್ಮನಿದ್ದಳು. ಬಿಸಿಲೇರಿದ ಮೇಲೆ ಶುರು. "ಅಜ್ಜೀ, ಪೂಜೆ ಮಾಡು" ಅಂದಳು ಕಣೇ! ನೀರು ಕೊಡು ಅನ್ನಲಿಲ್ಲ. ನನ್ನ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು, "ಪೂಜೆ ಮಾಡಜ್ಜಿ, ಪಾದೋದಕ ಕೊಡಜ್ಜಿ" ಅಂತ ಅತ್ತಳು. ಮೂವತ್ತು ವರ್ಷ ಗೊಬ್ಬರದ ಮೂಟೆ ಇಳಿಸಿದ್ದೇನೆ, ಅಷ್ಟು ಭಾರ ಯಾವುದೂ ಇರಲಿಲ್ಲ. "ಇವತ್ತು ಪೂಜೆ ಇಲ್ಲ ಕಣೇ, ನಾನೂ ಕುಡಿದಿಲ್ಲ" ಅಂದೆ. ನಂಬಲಿಲ್ಲ. ನನ್ನ ಬಾಯಿಗೆ ಬೆರಳಿಟ್ಟು ನಾಲಿಗೆ ಮುಟ್ಟಿ ನೋಡಿದಳು. ಒಣಗಿತ್ತು. "ನಿಂಗೂ ಬಾಯಾರೈತಾ ಅಜ್ಜಿ?" ಅಂದಳು. "ಹ್ಞೂಂ ಕಣವ್ವ" ಅಂದೆ. ಆಮೇಲೆ ಕೇಳಲಿಲ್ಲ. ನನ್ನ ತೊಡೆಯ ಮೇಲೆ ಮಲಗಿ ನನ್ನ ಕೈ ಸವರುತ್ತಿದ್ದಳು, ಸಮಾಧಾನ ಮಾಡುವವಳು ಅವಳೇ ಅನ್ನುವ ಹಾಗೆ.

ಮಧ್ಯೆ ನಾನೂ ಬಚ್ಚಲಿಗೆ ಹೋಗಬೇಕಾಯಿತು. ನರಸಿಂಹಮ್ಮನಿಗೆ, "ನಂಗೂ ಒಂದು ಡಬ್ಬಿ ಕೊಡು, ನಂದೂ ಹಿಡಿದಿಡು" ಅಂದೆ. ನಕ್ಕಳು, ಕೊಟ್ಟಳು. ಕಿಟಕಿಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಳು. ನನ್ನದು ಬೆಲ್ಲದ ನೀರಿನ ಹಾಗೆ ಕಂದು. ಅವಳದು ಕುಣಿಗಲ್ ಕೆರೆ ತುಂಬಿದಾಗಿನ ನೀರಿಗಿಂತ ತಿಳಿ. ಇಬ್ಬರೂ ಬೆಳಗಿನಿಂದ ಹನಿ ಮುಟ್ಟಿಲ್ಲ. ನೀನು ಎರಡು ತಿಂಗಳಿನಿಂದ ಬಾಯಿ ಬಡಿದುಕೊಂಡದ್ದು ನನಗೆ ಆಗ ತಿಳಿಯಿತು. ಈ ಮಗುವಿನಲ್ಲಿ ಏನೂ ನಿಲ್ಲುತ್ತಿಲ್ಲ, ಶಿವನೇ, ಅಂದುಕೊಂಡೆ. ಇಂಥವಳಿಗೆ ನಾನು ಸಂಜೆ ನೀರು ತಡೆದಿದ್ದೆ.

ತೂಕ ಇಳಿಯಿತು, ರಕ್ತದ ಉಪ್ಪಿನಂಶ ಏರಿತು, ಡಾಕ್ಟರು ಸಾಕು ಅಂದರು, ನೀನು ಬರೆದಿದ್ದ ಆ ಹಾರ್ಮೋನಿನ ಸೂಜಿ ಹಾಕಿ ಅಳತೆಯ ನೀರು ಕೊಟ್ಟರು. ಲೋಟ ಕೈಗೆ ಬಂದಾಗ ಅವಳು ಮೊದಲು ನನ್ನ ಮುಖಕ್ಕೆ ಹಿಡಿದಳು. ನನ್ನ ಬಾಯಲ್ಲಿ ಪೂಜೆ ಆಗಿಲ್ಲ ಅನ್ನುವ ಮಾತು ಬರಲಿಲ್ಲ. ಒಂದು ಗುಟುಕು ಕುಡಿದೆ. ಅರವತ್ತೆರಡು ವರ್ಷದಲ್ಲಿ ಪೂಜೆಗೆ ಮೊದಲು ನೀರು ಕುಡಿದದ್ದು ಅದೊಂದೇ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಆದರೆ ಸೂಜಿ ಹಾಕಿದ ಮೇಲೂ ಮೂತ್ರ ಸ್ವಲ್ಪವೇ ಗಾಢವಾಯಿತು, ಸಾಲದು, ಮೂತ್ರಪಿಂಡವೇ ಕೇಳುತ್ತಿಲ್ಲವೇನೋ ಅನ್ನುವ ಅನುಮಾನ ಇದೆ ಅಂದರಂತೆ ಡಾಕ್ಟರು. ನೀನು ಮೇಲೆ ಬಂದು ಅವರ ಹತ್ತಿರ ವಾದ ಮಾಡಿದೆ. ಯೂರಿಯಾ ಯೂರಿಯಾ ಅಂದದ್ದಷ್ಟೇ ನನಗೆ ಕೇಳಿಸಿತು. ಏನು ಹೇಳಿದೆ? ಮಗುವಿಗೆ ಮಾತ್ರೆ ಹಿಡಿಯುತ್ತದೋ ಇಲ್ಲವೋ? ಇದ್ದದ್ದು ಇದ್ದ ಹಾಗೆ ಬರೆ.

ಕಲ್ಲಮ್ಮ


ತುಮಕೂರು
25 ಆಗಸ್ಟ್ 2024, ಭಾನುವಾರ

ಅತ್ತೆಗೆ,

ಹತ್ತು ದಿನ ಬರೆಯದೆ ಇದ್ದದ್ದಕ್ಕೆ ಬೈದಿರುತ್ತೀರಿ. ಗೊತ್ತಿಲ್ಲದ್ದನ್ನು ಏನೆಂದು ಬರೆಯಲಿ? ಕಾದೆ.

ಡಾಕ್ಟರಿಗೆ ನಾನು ಹೇಳಿದ್ದು ಇಷ್ಟು. ಒಂದೂವರೆ ವರ್ಷದಿಂದ ಎಡೆಬಿಡದೆ ನೀರು ಹರಿದು ಇವಳ ಮೂತ್ರಪಿಂಡದ ಆಳದಲ್ಲಿದ್ದ ಯೂರಿಯಾ ಎಲ್ಲ ಕೊಚ್ಚಿಹೋಗಿದೆ. ಸೂಜಿ ಬಾಗಿಲನ್ನು ತೆರೆಯಿತು, ಸರಿ. ಆದರೆ ಬಾಗಿಲಾಚೆ ನೀರನ್ನು ಎಳೆಯಲು ಏನೂ ಉಳಿದಿಲ್ಲ. ಬರಿದಾದ ಗೋದಾಮಿಗೆ ಮತ್ತೆ ಸರಕು ತುಂಬಬೇಕು, ಅದಕ್ಕೆ ಕೆಲವು ದಿನ ಬೇಕು. ಮೂತ್ರಪಿಂಡ ಕೆಟ್ಟಿದೆ ಅಂತ ಇವತ್ತೇ ಬರೆಯಬೇಡಿ, ಮಾತ್ರೆ ಕೊಟ್ಟು ನೋಡಿ ಅಂದೆ. ಅವರು "ನನಗೂ ಅದೇ ಅನುಮಾನ, ಆದರೆ ತಾಯಂದಿರಿಗೆ ಸುಮ್ಮನೆ ಆಸೆ ಹುಟ್ಟಿಸಲ್ಲ ನಾನು" ಅಂದರು. ಹುಟ್ಟಿಸಿ, ನಾನು ತಡೆದುಕೊಳ್ಳುತ್ತೇನೆ ಅಂದೆ. ತಲೆಯ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಗಿಡ್ಡೆ ಏನೂ ಇಲ್ಲ. ಮುಂದಿನ ವರ್ಷ ಮತ್ತೊಮ್ಮೆ ನೋಡುತ್ತಾರಂತೆ.

ಮೊದಲ ದಿನಗಳು ಹೇಗಿದ್ದವು ಅಂದರೆ ಕೇಳಬೇಡಿ. ಮಾತ್ರೆ ನಾಲಿಗೆಯ ಕೆಳಗೆ ಕರಗುತ್ತದೆ, ನಾನು ಗೋಡೆಗೆ ಒರಗಿ ಕಾಯುತ್ತೇನೆ, ಬೆಳಗ್ಗೆ ಹಾಸಿಗೆ ಒದ್ದೆ. ಅನ್ನ, ಬೇಳೆ, ಹಾಲು ಕೊಡುತ್ತಾ ಬಂದೆ, ಯೂರಿಯಾ ಅದರಿಂದಲೇ ಆಗಬೇಕಲ್ಲ. ಆಮೇಲೆ ಮೂತ್ರಕ್ಕೆ ಒಂದು ಬಣ್ಣ ಬಂತು, ಬಂತೋ ನನ್ನ ಆಸೆಯೋ ಅಂತ ಮಲ್ಲಿಕಾರ್ಜುನ್‌ಗೆ ಫೋಟೋ ಕಳಿಸಿದೆ. "ಲೇ, ಊಟ ಮಾಡ್ತಾ ಇದೀನಿ ಕಣೇ" ಅಂದರು. ಅಂದವರೇ ರಾತ್ರಿ ಬಸ್ಸಿಗೆ ಬಂದರು. ಎಲ್ಲವನ್ನೂ ಬಿಟ್ಟು ಬಂದು, ನನ್ನ ಮುಂದೆ ಕೂತು, "ನಾನು ನಿನ್ ಮಾತು ನಂಬ್ಬೇಕಿತ್ತು" ಅಂದರು. ಆ ಮಾತಿಗೆ ನಾನು ಉತ್ತರ ಕೊಟ್ಟಿಲ್ಲ. ಸ್ವಲ್ಪ ಕಾಯಲಿ.

ಈಗ ನಿಮಗೊಂದು ಎಚ್ಚರಿಕೆ. ಅವಳು ಕುಣಿಗಲ್ಲಿಗೆ ಬಂದ ಮೇಲೆ ಪಾಪ ಅಂತ ಗಳಿಗೆಗೊಮ್ಮೆ ನೀರು ಕುಡಿಸಬೇಡಿ. ಮಾತ್ರೆ ಇರುವಾಗ ಮೈಯಿಂದ ನೀರು ಆಚೆ ಹೋಗುವುದಿಲ್ಲ, ಬಲವಂತವಾಗಿ ಕುಡಿಸಿದರೆ ಅದೂ ಅಪಾಯ. ಬಾಯಾರಿದಾಗ ಅವಳೇ ಕೇಳುತ್ತಾಳೆ, ಆಗ ಕೊಡಿ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಪಾದೋದಕ ಒಂದು ಚಮಚ, ಅಷ್ಟೇ. ಬೇಕಾದರೆ ಆಮೇಲೆ ಜಗಳ ಆಡೋಣ.

ಇವತ್ತು ಬೆಳಗ್ಗೆ ಅವಳು ನನಗಿಂತ ತಡವಾಗಿ ಎದ್ದಳು. ಹಾಸಿಗೆ ಒಣಗಿತ್ತು. ಕೈಯಾಡಿಸಿ ನೋಡಿದೆ, ಹೊದಿಕೆ ಎತ್ತಿ ನೋಡಿದೆ, ಎಲ್ಲೂ ಒದ್ದೆ ಇಲ್ಲ. ಬಚ್ಚಲಲ್ಲಿ ಡಬ್ಬಿ ಹಿಡಿದೆ. ಹಳದಿ ಅತ್ತೆ! ಎಳೆಬಿಸಿಲಿನ ಹಾಗೆ ಅಪ್ಪಟ ಹಳದಿ! ನಾನು ಕೂಗಿದ್ದಕ್ಕೆ ಮನೆಯೊಡತಿ ಓಡಿ ಬಂದರು, ಅವರಿಗೆ ಏನಂತ ಹೇಳಲಿ, ಡಬ್ಬಿ ತೋರಿಸಿದೆ.

ಆಮೇಲೆ ರೂಢಿಯಂತೆ ದೊಡ್ಡ ಲೋಟ ತುಂಬ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ವಾಪಸ್ಸು ಕೊಟ್ಟಳು. ನನಗೆ ತಿಳಿಯಲಿಲ್ಲ, ಮತ್ತೆ ಅವಳ ಬಾಯಿಗೆ ಹಿಡಿದೆ. "ಸಾಕು ಅಂದ್ನಲ್ಲಮ್ಮಾ!" ಅಂತ ಸಿಡುಕಿ ಆಡಲು ಓಡಿದಳು. ನಾನು ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅದರಲ್ಲಿ ಮುಕ್ಕಾಲು ನೀರು ಹಾಗೇ ಇತ್ತು. ಒಂದೂವರೆ ವರ್ಷದಲ್ಲಿ ನನ್ನ ಮಗಳು ಲೋಟದಲ್ಲಿ ನೀರು ಉಳಿಸಿದ್ದು ಇದೇ ಮೊದಲು.

ನಿಮ್ಮ
ಪಲ್ಲವಿ